ಮೂಗು ಅಳೆದು ಹುಟ್ಟಿಸಿದ ಜನಾಂಗಗಳು

ಆಫ್ರಿಕಾದ ರುವಾಂಡಾ ದೇಶದ ಹುಟು ಮತ್ತು ಟುಟ್ಸಿಗಳು ಯಾವ ಕಾಲದಿಂದಲೋ ಬಡಿದಾಡಿಕೊಂಡು ಬಂದ ಎರಡು ಬೇರೆ ಜನಾಂಗಗಳು ಅಂತ ನಂಬಿದವರು ಈಗಲೂ ಬಹಳ ಜನ. ಇದು ತಪ್ಪು. ಇಬ್ಬರ ಭಾಷೆಯೂ ಕಿನ್ಯರುವಾಂಡಾ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆಗಳು. ಒಂದೇ ಕುಲದೊಳಗೆ ಹುಟುಗಳೂ ಇದ್ದರು, ಟುಟ್ಸಿಗಳೂ ಇದ್ದರು. ದನ ಜಾಸ್ತಿ ಇದ್ದವರು, ಅರಮನೆಗೆ ಹತ್ತಿರದವರು ಹೆಚ್ಚಾಗಿ ಟುಟ್ಸಿ. ಬೇಸಾಯ ನಂಬಿದವರು ಹುಟು. ದನಕರು ಕೂಡಿಸಿ ಮೇಲೆ ಬಂದ ಹುಟು ಮನೆತನ ನಿಧಾನಕ್ಕೆ ಟುಟ್ಸಿ ಆಗಬಹುದಿತ್ತು. ಹಾಗಂತ ಎಲ್ಲರೂ ಸಮಾನರಾಗಿದ್ದರು ಅಂತಲ್ಲ. 19ನೇ ಶತಮಾನದ ಕೊನೆಗೆ ರಾಜ ರ್ವಾಬುಗಿರಿ ಕಾಲದಲ್ಲೇ ಹುಟುಗಳ ಮೇಲೆ ಬಿಟ್ಟಿ ದುಡಿಮೆ ಹೇರಿದ್ದರು.

ಆದರೆ ಇದನ್ನು ರಕ್ತದ ವಿಷಯ ಮಾಡಿದ್ದು ಯುರೋಪಿನವರು. 1863ರಲ್ಲಿ ಜಾನ್ ಸ್ಪೀಕ್ ಎಂಬ ಇಂಗ್ಲಿಷ್ ಅನ್ವೇಷಕ, ಈ ಭಾಗದ ಆಳುವವರು ಇಥಿಯೋಪಿಯಾ ಕಡೆಯಿಂದ ಬಂದ ಮೇಲಿನ ಜನಾಂಗ ಅಂತ ಬರೆದ. ಆಧಾರ? ಕರಿಯರು ತಾವಾಗಿ ರಾಜ್ಯ ಕಟ್ಟಲಾರರು ಎಂಬ ಪೂರ್ವಗ್ರಹ, ಅಷ್ಟೇ. ಮುಂದೆ ಬಂದ ಬೆಲ್ಜಿಯಂ ಆಡಳಿತ ಇದನ್ನೇ ವಿಜ್ಞಾನ ಅಂದುಕೊಂಡು ಎತ್ತರ, ಮೂಗು, ತಲೆಬುರುಡೆ ಅಳೆಯಿತು.

ಈ ಅಳತೆಯ ಮೋಸ ಎಲ್ಲಿದೆ ನೋಡಿ. ಟುಟ್ಸಿಗಳ ಸರಾಸರಿ ಎತ್ತರ ತುಸು ಹೆಚ್ಚಿತ್ತು, ಒಪ್ಪೋಣ. ಆದರೆ ಸರಾಸರಿ ಗುಂಪಿನದು, ಮನುಷ್ಯನದಲ್ಲ. ಕುಳ್ಳ ಟುಟ್ಸಿಗಳೂ ಉದ್ದನೆಯ ಹುಟುಗಳೂ ಬೇಕಾದಷ್ಟು ಇದ್ದರು. ಎರಡು ಊರಿನ ಶಾಲೆಗಳಲ್ಲಿ ಮಕ್ಕಳ ಸರಾಸರಿ ಎತ್ತರ ಬೇರೆ ಇದ್ದರೂ, ಎದುರಿಗೆ ನಿಂತ ಒಂದು ಮಗುವಿನ ಎತ್ತರ ನೋಡಿ ಅದರ ಊರು ಹೇಳಕ್ಕಾಗಲ್ಲ, ಅಲ್ವಾ? ಜೊತೆಗೆ ಎತ್ತರಕ್ಕೆ ಬಾಲ್ಯದ ಊಟವೂ ಕಾರಣ, ಹಾಲು ಕುಡಿದು ಬೆಳೆದ ಮನೆಯ ಮಕ್ಕಳಿಗೆ ಅದರ ಲಾಭ ಸಿಕ್ಕಿರಲೂಬಹುದು. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿದಾಗ ಮನುಷ್ಯರ ನಡುವಿನ ಅನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮುದಾಯದ ಒಳಗೇ ಸಿಕ್ಕಿತು.

1930ರ ದಶಕದಲ್ಲಿ ಜನಗಣತಿ ಮಾಡಿ ಪ್ರತಿಯೊಬ್ಬರ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ, ಇಲ್ಲವೇ ತ್ವಾ (ಅಲ್ಲಿನ ಮೂರನೆಯ, ಚಿಕ್ಕ ಗುಂಪು) ಅಂತ ಬರೆದರು. ಅಪ್ಪನದ್ದೇ ಮಕ್ಕಳಿಗೆ. ದನ ಬಂದರೂ ಹೋದರೂ ಇನ್ನು ಅದು ಬದಲಾಗದು. ಶಾಲೆ, ಅಧಿಕಾರ ಟುಟ್ಸಿಗಳ ಪಾಲಾದವು, ಹುಟು ಮುಖ್ಯಸ್ಥರನ್ನು ಕಿತ್ತುಹಾಕಿದರು. ಸಿಟ್ಟು ಬೆಳೆಯದೆ ಇರುತ್ತಾ?

1962ರಲ್ಲಿ ಸ್ವಾತಂತ್ರ್ಯ ಬಂದಾಗ ಅಧಿಕಾರ ಹುಟುಗಳ ಕೈಗೆ ಬಂತು, ಆದರೆ ಚೀಟಿ ಹಾಗೇ ಉಳಿಯಿತು. ಸ್ಪೀಕ್‌ನ ಕಥೆಯೂ ಉಳಿಯಿತು, ತಿರುಗುಮುರುಗಾಗಿ: ಮೇಲಿನವರು ಅಂದಿದ್ದ ಟುಟ್ಸಿಗಳು ಈಗ ಹೊರಗಿನವರಾದರು. 1992ರಲ್ಲಿ ಲಿಯಾನ್ ಮುಗೆಸೆರಾ ಎಂಬ ಹುಟು ರಾಜಕಾರಣಿ ಟುಟ್ಸಿಗಳನ್ನು ನದಿ ಮೂಲಕ ಇಥಿಯೋಪಿಯಾಕ್ಕೆ ವಾಪಸ್ ಕಳಿಸುವ ಮಾತಾಡಿದ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ಟುಟ್ಸಿಗಳ ನರಮೇಧ ನಡೆಯಿತು. ಆಗ ರಸ್ತೆ ತಡೆಗಳಲ್ಲಿ ಕೊಲೆಗಾರರು ಮೊದಲು ಕೇಳುತ್ತಿದ್ದದ್ದು ಅದೇ ಚೀಟಿಯನ್ನು.