ಕೆಸರಿನ ಮೇಲೆ ನಿಂತ ಹೋಟೆಲೂ ನಮ್ಮ ಬಯಲಿನ ಮನೆಗಳೂ

ಮಣ್ಣು ಪರೀಕ್ಷೆ ಮಾಡಿಸಿ ಎಂದರೆ ಸಾಕು, ಟೋಕಿಯೋದ ಇಂಪೀರಿಯಲ್ ಹೋಟೆಲಿನ ಕಥೆ ಹೊರಗೆ ಬರುತ್ತದೆ. "ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅದನ್ನು ಕೆಸರಿನ ಮೇಲೆಯೇ ಕಟ್ಟಿದ್ದಲ್ವಾ? ಭೂಕಂಪಕ್ಕೆ ಊರೆಲ್ಲ ಬಿತ್ತು, ಅದೊಂದೇ ನಿಂತಿತು. ಎರಡು ಮಾಳಿಗೆಯ ಮನೆಗೆ ಇಷ್ಟೆಲ್ಲ ಯಾಕೆ?" ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಗದ್ದೆಗೆ ಮಣ್ಣು ತುಂಬಿಸಿ ಪಂಚಾಂಗ (ಮನೆಯ ಅಡಿಪಾಯ) ಹಾಕಲು ಹೊರಟವರಿಗೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಕಥೆ ಇದು. ಅರ್ಧ ನಿಜ. ಆ ಅರ್ಧವೇ ತೊಂದರೆ ಕೊಡುವುದು.

ಹೋಟೆಲಿನ ಉದ್ಘಾಟನೆ 1923ರ ಸೆಪ್ಟೆಂಬರ್ 1ಕ್ಕೆ ನಿಗದಿಯಾಗಿತ್ತು. ಅದೇ ದಿನ ಮಧ್ಯಾಹ್ನ 11.58ಕ್ಕೆ ಕಾಂಟೊ ಭೂಕಂಪ. ಸತ್ತವರ ಸಂಖ್ಯೆ ಒಂದು ಲಕ್ಷ ದಾಟಿತು, ಬಹುಪಾಲು ಬೆಂಕಿಯಿಂದ. ಹೋಟೆಲ್ ನಿಂತಿತು, ಸರಿ. ಆದರೆ "ಅದೊಂದೇ" ಅಲ್ಲ. ಜಪಾನಿನ ಎಂಜಿನಿಯರ್ ತಾಚು ನೈಟೊ ಲೆಕ್ಕ ಹಾಕಿದ್ದ ಜಪಾನ್ ಇಂಡಸ್ಟ್ರಿಯಲ್ ಬ್ಯಾಂಕಿನ ಕಟ್ಟಡ ಅದಕ್ಕಿಂತ ಎತ್ತರದ್ದು, ಅದಕ್ಕೂ ಅಷ್ಟೇನೂ ಹಾನಿಯಾಗಲಿಲ್ಲ. ಹೋಟೆಲಿನಲ್ಲಾದರೋ ಮಧ್ಯಭಾಗ ತಗ್ಗಿತು, ಕೆಲವು ನೆಲಗಳು ಉಬ್ಬಿದವು. "ಯಾವ ಹಾನಿಯೂ ಇಲ್ಲ" ಎಂದು ರೈಟ್‌ಗೆ ಹೋದ ಟೆಲಿಗ್ರಾಂ ಮಾತ್ರ ಜಗತ್ತಿಗೆಲ್ಲ ಗೊತ್ತು.

ಅಡಿಪಾಯ ಹೀಗಿತ್ತು. ಮೇಲೆ ಸುಮಾರು 8 ಅಡಿ ಗಟ್ಟಿ ಮಣ್ಣಿನ ಪದರ, ಅಂದರೆ ಹೆಪ್ಪಳೆ, ಅದರ ಕೆಳಗೆ 60-70 ಅಡಿ ಮೆತ್ತನೆಯ ಕೆಸರು. ರೈಟ್ ಆ ಹೆಪ್ಪಳೆಯಲ್ಲೇ 8-9 ಅಡಿ ಆಳದ ಕಿರಿದಾದ ಕಾಂಕ್ರೀಟ್ ಗೂಟಗಳನ್ನು ಸುಮಾರು 2 ಅಡಿಗೊಂದರಂತೆ ಇಳಿಸಿ, ಅದರ ಮೇಲೆ ಕಟ್ಟಡ ಹಡಗಿನಂತೆ ತೇಲಲಿ ಎಂದ. ಸುಮ್ಮನೆ ಊಹಿಸಿದ್ದಲ್ಲ, ಕಬ್ಬಿಣದ ಗಟ್ಟಿಗಳನ್ನು ಪೇರಿಸಿ ಭಾರದ ಪರೀಕ್ಷೆಯನ್ನೂ ಮಾಡಿಸಿದ್ದ. ಆದರೂ ಕಟ್ಟಡ ಇಳಿಯಿತು. ಭೂಕಂಪದ ನಂತರದ ದಶಕಗಳಲ್ಲೂ ಇಳಿಯುತ್ತಲೇ ಹೋಯಿತು, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ.

ಯಾಕೆ? ಇದೊಂದನ್ನು ನಿಧಾನವಾಗಿ ಓದಿ, ಉಳಿದದ್ದನ್ನು ಬೇಕಾದರೆ ಬಿಡಿ. ಪಾದದಿಂದ (ಕಂಬದ ಬುಡದಲ್ಲಿ ಅಗಲವಾಗಿ ಹಾಕುವ ಕಾಂಕ್ರೀಟ್, ಫುಟಿಂಗ್) ಮಣ್ಣಿಗೆ ಇಳಿಯುವ ಒತ್ತಡ ಎಷ್ಟು ಆಳಕ್ಕೆ ಮುಟ್ಟುತ್ತದೆ ಎಂಬುದು ಪಾದದ ಅಗಲವನ್ನು ಹಿಡಿದು ಹೋಗುತ್ತದೆ. ಚೌಕ ಪಾದವಾದರೆ, ಅದರ ಅಗಲದ 2 ಪಟ್ಟು ಆಳದಲ್ಲಿ ಒತ್ತಡ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. 1 ಮೀಟರ್ ಅಗಲದ ಒಂಟಿ ಪಾದಕ್ಕೆ 2 ಮೀಟರ್ ಕೆಳಗಿನ ಕೆಸರು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಅಂಥ ಪಾದಗಳನ್ನು ಒತ್ತೊತ್ತಾಗಿ ಇಟ್ಟರೆ ಅವು ಬಿಡಿ ಪಾದಗಳಲ್ಲ, ಎಲ್ಲ ಸೇರಿ ಕಟ್ಟಡದಷ್ಟೇ ಅಗಲದ ಒಂದು ಪಾದ. ಕಟ್ಟಡ 12 ಮೀಟರ್ ಅಗಲವಿದ್ದರೆ ಒತ್ತಡ 20 ಮೀಟರ್ ಆಳಕ್ಕೂ ಮುಟ್ಟುತ್ತದೆ. ಪರೀಕ್ಷೆಯ ಭಾರ ಕೂತದ್ದು ಸಣ್ಣ ಜಾಗದಲ್ಲಿ, ಕೆಲವು ದಿನ. ಅದು ಕಂಡದ್ದು ಹೆಪ್ಪಳೆಯನ್ನು. ಹೋಟೆಲ್ ಕೂತದ್ದು ದೊಡ್ಡ ಜಾಗದಲ್ಲಿ, ನಲವತ್ತು ಚಿಲ್ಲರೆ ವರ್ಷ. ಅದು ಕಂಡದ್ದು ಕೆಸರನ್ನು. ಜೇಡಿಯೊಳಗಿನ ನೀರು ಹಿಂಡಿ ಹೊರಹೋಗಲು ವರ್ಷಗಳೇ ಬೇಕು. ಹಾಗಾಗಿ 60 ಸೆಂಟಿಮೀಟರ್ ತಟ್ಟೆ ಇಟ್ಟು ಭಾರ ಹೇರಿದ ಪರೀಕ್ಷೆಯ ಚೀಟಿ ತಂದು "ಪಾಸ್ ಆಗಿದೆ" ಎಂದರೆ, ಪಾಸ್ ಆದದ್ದು ಮೇಲಿನ ಒಂದು ಮೀಟರ್ ಚಿಲ್ಲರೆ ಮಣ್ಣು ಮಾತ್ರ.

ರೈಟ್ ಸರಿಯಾಗಿ ಮಾಡಿದ ಕೆಲಸಗಳೂ ಇವೆ. ಭಾರದ ಹೆಂಚಿನ ಬದಲು ತಾಮ್ರದ ಹಗುರ ಚಾವಣಿ. ಉದ್ದದ ಕಟ್ಟಡವನ್ನು ತುಂಡುತುಂಡಾಗಿ ಬೇರ್ಪಡಿಸುವ ಸಂದುಗಳು. ಮೇಲಕ್ಕೆ ಹೋದಂತೆ ತೆಳುವಾಗುವ ಗೋಡೆಗಳು. ಮುಂದಿನ ಕೊಳದ ನೀರು ಬೆಂಕಿಯ ದಿನ ಉಪಯೋಗಕ್ಕೆ ಬಂತು. ಕಟ್ಟಡ ಉಳಿದದ್ದರಲ್ಲಿ ಇವುಗಳ ಪಾಲು ದೊಡ್ಡದು ಎಂದೇ ನನ್ನ ಅಂದಾಜು. ಭೂಕಂಪಕ್ಕೆ ಬೀಳದಿರುವುದು ಒಂದು ಪ್ರಶ್ನೆ, ವರ್ಷಗಟ್ಟಲೆ ಭಾರ ಹೊತ್ತು ಓರೆಯಾಗದಿರುವುದು ಇನ್ನೊಂದು. ಮೊದಲನೆಯದರಲ್ಲಿ ಗೆದ್ದ ಕಟ್ಟಡ ಎರಡನೆಯದರಲ್ಲಿ ಸೋತಿತು. ಮೆದುವಾದ ಓಯಾ ಕಲ್ಲು ಸವೆದಿತ್ತು, ಪೇಟೆಯ ನಡುವಿನ ದುಬಾರಿ ಜಾಗದಲ್ಲಿ ಕೋಣೆಗಳೂ ಸಾಲುತ್ತಿರಲಿಲ್ಲ. 1967ರ ಕೊನೆಗೆ ಕೆಡವಲು ಶುರುಮಾಡಿದರು. ಅಲ್ಲಿ 1970ರಲ್ಲಿ 17 ಅಂತಸ್ತಿನ ಹೊಸ ಹೋಟೆಲ್ ಎದ್ದಿತು. ಹಳೆಯದರ ಮುಂಭಾಗ ಮತ್ತು ಲಾಬಿಯನ್ನು ಇನುಯಾಮದ ಮೇಜಿ ಮುರಾ ಬಯಲು ಮ್ಯೂಸಿಯಮ್ಮಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಈಗ ನಮ್ಮ ಮಣ್ಣು. ಕಾಸರಗೋಡಿನಲ್ಲಿ ಆ ಹೆಪ್ಪಳೆಯ ಜಾಗದಲ್ಲಿರುವುದು ಕೆಂಪುಕಲ್ಲು, ಕೆಸರಿನ ಜಾಗದಲ್ಲಿ ಅದರಡಿಯ ಶೇಡಿಮಣ್ಣು. ಒಣಗಿದಾಗ ಶೇಡಿ ಪಿಕಾಸಿಗೂ ಬಗ್ಗುವುದಿಲ್ಲ. ನೀರು ಕುಡಿದರೆ ಬೆರಳಿನಲ್ಲಿ ಒತ್ತಬಹುದು. ಮಣ್ಣು ಪರೀಕ್ಷೆಗೆ ಕೊರೆಯುವ ಬೋರಿಂಗ್‌ನವರು ಸಾಮಾನ್ಯವಾಗಿ ಕೆಂಪುಕಲ್ಲಿಗೆ ಮುಟ್ಟಿದ ಕೂಡಲೇ ಕೆಲಸ ನಿಲ್ಲಿಸುತ್ತಾರೆ. 63.5 ಕಿಲೋದ ಸುತ್ತಿಗೆ 75 ಸೆಂಟಿಮೀಟರ್ ಮೇಲಿನಿಂದ ಬಿದ್ದು, 50 ಪೆಟ್ಟಿಗೂ ಕೊಳವೆ ಇಳಿಯದಿದ್ದರೆ "ಬಂಡೆ" ಎಂದು ಬರೆದು ಸಾಮಾನು ಕಟ್ಟುತ್ತಾರೆ. ಬಿಡಬೇಡಿ. ಕೊರೆದು ಕೆಂಪುಕಲ್ಲನ್ನು ದಾಟಿಸಿ, ಕೆಳಗೆ ಮತ್ತೆ ಪೆಟ್ಟು ಎಣಿಸಲು ಹೇಳಿ. ಮೇಲೆ 50 ಇದ್ದದ್ದು ಕೆಳಗೆ 8-10ಕ್ಕೆ ಇಳಿದರೆ ಅಡಿಪಾಯದ ಲೆಕ್ಕವೇ ಬೇರೆ. ಆದಷ್ಟು ಮಳೆಗಾಲ ಮುಗಿಯುವ ಹೊತ್ತಿಗೆ ಮಾಡಿಸಿ. ಏಪ್ರಿಲ್‌ನ ಶೇಡಿ ನೋಡಿ ಮೋಸಹೋಗುವುದು ಸುಲಭ.

ಗದ್ದೆಗೆ ಮಣ್ಣು ತುಂಬಿಸುವವರಿಗೆ ಇನ್ನೊಂದು ಲೆಕ್ಕ (ಕೇರಳದ 2008ರ ಭತ್ತದ ಗದ್ದೆ ಕಾಯಿದೆಯ ಅನುಮತಿ ಇದೆ ಎಂದೇ ಇಟ್ಟುಕೊಳ್ಳೋಣ). ಒಂದು ಮೀಟರ್ ಎತ್ತರ ತುಂಬಿದ ಮಣ್ಣು ಚದರ ಮೀಟರಿಗೆ ಸುಮಾರು 1.8 ಟನ್. ಮನೆಯ ಒಂದು ಮಾಳಿಗೆ ಗೋಡೆ ಸೇರಿ 1ರಿಂದ 1.2 ಟನ್. ಅಂದರೆ ರಸ್ತೆ ಮಟ್ಟಕ್ಕೆ ಬರಲಿ ಎಂದು 2 ಮೀಟರ್ ತುಂಬಿಸಿದರೆ, ಮೇಸ್ತ್ರಿ ದಾರ ಕಟ್ಟುವ ಮೊದಲೇ ಅಲ್ಲಿ ಮೂರು ಮಾಳಿಗೆಯ ಭಾರ ಕೂತಾಗಿದೆ. "ಒಂದೇ ಮಾಳಿಗೆ ಅಲ್ವಾ" ಎನ್ನುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ. ಲಾರಿಯಿಂದ ಸುರಿದು ಜೆಸಿಬಿಯಲ್ಲಿ ತಟ್ಟಿದರೆ ಸಾಲದು. 20 ಸೆಂಟಿಮೀಟರಿನ ಪದರಗಳಲ್ಲಿ ರೋಲರ್ ಓಡಿಸಬೇಕು, ಆಮೇಲೆ ಕನಿಷ್ಠ ಒಂದು ಮಳೆಗಾಲ ಬಿಡಬೇಕು. ಎರಡಾದರೆ ಒಳ್ಳೆಯದು. ಒಕ್ಕಲಿನ (ಗೃಹಪ್ರವೇಶದ) ಮುಹೂರ್ತ ಮೊದಲು ಇಟ್ಟುಕೊಂಡು ಬರುವವರಿಗೆ ಈ ಮಾತು ರುಚಿಸದು, ಗೊತ್ತಿದೆ.

ಮನೆ ಪೂರ್ತಿ ಒಂದೇ ಸಮ 2 ಇಂಚು ಇಳಿದರೆ ಗೋಡೆಗೆ ದೊಡ್ಡ ಕೇಡಿಲ್ಲ. ಒಂದು ಮೂಲೆ ಮಾತ್ರ ಇಳಿದರೆ ಕೇಡು. ಕಾಂಕ್ರೀಟ್ ಕಂಬದ ಮನೆಗಳಲ್ಲಿ ಎರಡು ಕಂಬಗಳ ಇಳಿತದ ವ್ಯತ್ಯಾಸಕ್ಕೆ ಭಾರತೀಯ ಮಾನಕದ ಮಿತಿ, ಅವುಗಳ ನಡುವಿನ ಅಂತರದ 0.0015 ಪಾಲು: 4 ಮೀಟರ್ ದೂರದ ಎರಡು ಕಂಬಗಳ ನಡುವೆ 6 ಮಿಲಿಮೀಟರ್, ಅಷ್ಟೇ. ಅರ್ಧ ಗುಡ್ಡೆ ಕಡಿದು ಅರ್ಧ ತುಂಬಿಸಿದ ಜಾಗದಲ್ಲಿ ಇದನ್ನು ದಾಟುವುದು ದೊಡ್ಡ ಸಂಗತಿಯೇನಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ, ಕೆಂಪುಕಲ್ಲಿನ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕು ಕಂಡರೆ ಪುಟ್ಟಿ ಬಳಿಯಬೇಡಿ. ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ತಾರೀಕು ಬರೆಯಿರಿ, ಮಧ್ಯದ ಅಗಲವನ್ನೂ ಅಳೆದಿಡಿ. ಮಳೆಗಾಲ ಕಳೆದ ಮೇಲೆ ಗೀಟು ದಾಟಿದ್ದರೆ ಆ ಅಳತೆಗಳನ್ನು ಹಿಡಿದುಕೊಂಡು ಬನ್ನಿ. ಫೋಟೋ ನೋಡಿ ಫೋನಿನಲ್ಲಿ ಪರಿಹಾರ ಹೇಳಲಾಗದು. ಕಾರ್ ಪೋರ್ಚನ್ನು ಮನೆಗೆ ಬಿಗಿದು ಕಟ್ಟದೆ, ನಡುವೆ ಒಂದಿಂಚು ಸಂದು ಬಿಟ್ಟರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಶೌಚದ ಇಂಗುಗುಂಡಿಯನ್ನು ಪಂಚಾಂಗಕ್ಕೆ ತಾಗಿ ತೋಡಿಸಬೇಡಿ; ವರ್ಷವಿಡೀ ಶೇಡಿಗೆ ನೀರು ಕುಡಿಸಿದ ಹಾಗೆ. ಗುಡ್ಡೆಯ ಬದಿಯ ಜಾಗವಾದರೆ ಊರಿನ ಹಿರಿಯರಲ್ಲಿ ನೀರಿಗಾಗಿ ತೋಡಿದ ಹಳೆಯ ಸುರಂಗ ಇತ್ತೇ ಎಂದು ವಿಚಾರಿಸಿ. ಆಳು ನುಗ್ಗುವಷ್ಟೇ ಅಗಲದ ಆ ಮಾಟೆಯ ಬಾಯಿ ಕುಸಿದು ಮುಚ್ಚಿಹೋಗಿದ್ದರೂ ಒಳಗೆ ನೀರು ಹರಿಯುತ್ತಿರಬಹುದು. ಒಂದೇ ಬೋರು ಹಾಕಿಸಿದರೆ ಅದು ಸುರಂಗಕ್ಕೆ ತಾಗುವ ಸಾಧ್ಯತೆ ಬಹಳ ಕಡಿಮೆ.