ಲ್ಯಾಬ್ ಇಲ್ಲದ ಶಾಲೆಗೆ ಒಂದು ಕೋಲು

ಪ್ರಶ್ನೆ: ನಮ್ಮದು ಹಳ್ಳಿ ಶಾಲೆ. ಲ್ಯಾಬ್ ಇಲ್ಲ, ಮಕ್ಕಳನ್ನು ಬೆಂಗಳೂರಿನ ತಾರಾಲಯಕ್ಕೆ ಕರೆದೊಯ್ಯುವಷ್ಟು ದುಡ್ಡೂ ಇಲ್ಲ. ಆಟದ ಬಯಲಿನಲ್ಲೇ ಮಾಡಿಸುವಂಥ ಪ್ರಯೋಗ ಇದೆಯೇ?

ಉತ್ತರ: ಇದೆ. ಒಂದು ಮೀಟರ್ ಉದ್ದದ ಕೋಲು ನೆಟ್ಟು, ಮಕ್ಕಳ ಕೈಲಿ ನೆರಳು ಅಳೆಸಿ. ಇಷ್ಟೇನಾ ಅನ್ನಬೇಡಿ. ನಮ್ಮ ಹಿಂದಿನವರು ಇದನ್ನು ಶಂಕು ಎಂದು ಕರೆದು, ಇದರಿಂದಲೇ ದಿಕ್ಕು ಕಂಡುಕೊಳ್ಳುತ್ತಿದ್ದರು.

ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ನೋಡಿಕೊಳ್ಳಿ. ಕೋಲಿನಷ್ಟೇ ಉದ್ದದ ಹಗ್ಗ ಹಿಡಿದು ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳು ಕುಗ್ಗುತ್ತ ಬಂದು ಅದರ ತುದಿ ಗೆರೆ ಮುಟ್ಟಿದಲ್ಲಿ ಒಂದು ಕಲ್ಲು. ಮಧ್ಯಾಹ್ನ ಮೇಲೆ ನೆರಳು ಬೆಳೆದು ಮತ್ತೆ ಗೆರೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ಸಿಕ್ಕಿತು. ಎರಡೂ ಹೊತ್ತನ್ನು ಬರೆದಿಟ್ಟುಕೊಂಡರೆ ಅವುಗಳ ನಟ್ಟನಡುವಿನದೇ ನಿಜವಾದ ನಡುಹಗಲು.

ನಾನು ಏಳನೇ ತರಗತಿಯವರ ಜೊತೆ ಇದನ್ನು ಬೆಂಗಳೂರಿನಲ್ಲಿ ಮಾಡಿದ್ದು ಜೂನ್ ಕೊನೆಯಲ್ಲಿ. ಹನ್ನೆರಡು ಹೊಡೆದರೂ ನೆರಳು ಕುಗ್ಗುತ್ತಲೇ ಇತ್ತು. ಸ್ಕೇಲ್ ಹಿಡಿದು ಕೂತಿದ್ದ ಹುಡುಗಿ, ‘ಸರ್, ನಿಮ್ಮ ವಾಚ್ ಮುಂದಿದೆ’ ಎಂದಳು. ನಾನು ಉತ್ತರ ಹೇಳಲಿಲ್ಲ. ದಯವಿಟ್ಟು ನೀವೂ ಆ ಗಳಿಗೆಯಲ್ಲಿ ಹೇಳಬೇಡಿ. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ನಡುಹಗಲು 20 ನಿಮಿಷ ತಡ. ಮಂಗಳೂರಿನಲ್ಲಿ ಇನ್ನೂ 11 ನಿಮಿಷ ಹೆಚ್ಚು. ಅಂದು ಮಕ್ಕಳು ಕಂಡ ಇನ್ನೊಂದು ವಿಷಯ: ನಡುಹಗಲಿನ ನೆರಳು, 18 ಸೆಂಟಿಮೀಟರಿನಷ್ಟು, ದಕ್ಷಿಣಕ್ಕೆ ಬಿದ್ದಿತ್ತು. ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದ! ಡಿಸೆಂಬರಿನಲ್ಲಿ ಅದೇ ಕೋಲಿನ ನೆರಳು ಉತ್ತರಕ್ಕೆ, 70 ಸೆಂಟಿಮೀಟರಿಗೂ ಉದ್ದ.

ಹೀಗೆ ಹೋಗಿಬರುವಾಗ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ. ಬೆಂಗಳೂರಿಗೆ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಹೊತ್ತಿಗೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆದ್ದರಿಂದ ಆಗಸ್ಟ್ ನಿಮ್ಮದು. ಹುಬ್ಬಳ್ಳಿ ಕಡೆಗೆ ಆಗಸ್ಟ್ 10ರ ಸುಮಾರಿಗೆ, ಕಲಬುರಗಿಗೆ 3ರ ಸುಮಾರಿಗೆ.

ಕಲಬುರಗಿಯಲ್ಲಿ ಪರಿಚಯದ ಮೇಷ್ಟ್ರಿದ್ದರೆ ಒಂದು ಫೋನ್ ಮಾಡಿ. ಬೆಂಗಳೂರಿನ ಕೋಲಿಗೆ ನೆರಳಿಲ್ಲದ ದಿನ ಅಲ್ಲಿನ ಮೀಟರ್ ಕೋಲಿಗೆ ನಡುಹಗಲಲ್ಲಿ ಏಳೂವರೆ ಸೆಂಟಿಮೀಟರ್ ನೆರಳು ಇರುತ್ತದೆ, ಅಂದರೆ 4.3 ಡಿಗ್ರಿ ಕೋನ. ಎರಡೂರಿನ ಉತ್ತರ–ದಕ್ಷಿಣ ಅಂತರ ಸುಮಾರು 480 ಕಿಲೋಮೀಟರ್. 4.3 ಡಿಗ್ರಿಗೆ 480 ಆದರೆ 360ಕ್ಕೆ ಎಷ್ಟು? ಮಕ್ಕಳೇ ಲೆಕ್ಕ ಹಾಕಲಿ. ಸುಮಾರು 40,000 ಬರುತ್ತದೆ. ಅದು ಭೂಮಿಯ ಸುತ್ತಳತೆ! ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಹಾಕಿದ್ದು ಇದೇ ಲೆಕ್ಕ.

ಆಗಸ್ಟಿನಲ್ಲಿ ಮೋಡ ಕವಿದರೆ ಮರುದಿನ ನೋಡಿ. ಒಂದು ದಿನಕ್ಕೆ ಆಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಅಷ್ಟೆ. ನೋಡಬೇಕಾದ್ದು ನೆರಳನ್ನು, ಯಾವ ಮಗುವೂ ಸೂರ್ಯನತ್ತ ಕಣ್ಣೆತ್ತದಂತೆ ನೋಡಿಕೊಳ್ಳಿ.