ಕೌಂಟ್ ಇಳಿದಾಗ ಬರುವ ಜ್ವರ, ಮಣಿಯದ ಬ್ಯಾಕ್ಟೀರಿಯಾ

ಮಕ್ಕಳ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇಂದು ಬಹುಮಟ್ಟಿಗೆ ಗುಣವಾಗುವ ಕಾಯಿಲೆ. ಆದರೂ ಚಿಕಿತ್ಸೆಯ ಮೊದಲ ವಾರಗಳಲ್ಲಿ ನಮ್ಮ ದೇಶದಲ್ಲಿ ತೀರಿಕೊಳ್ಳುವ ಮಕ್ಕಳಲ್ಲಿ ಅನೇಕರು ಕ್ಯಾನ್ಸರ್‌ಗಿಂತ ಮೊದಲು ಸೋಂಕಿಗೆ ಬಲಿಯಾಗುತ್ತಾರೆ. ಆ ಸೋಂಕುಗಳು ಔಷಧಕ್ಕೆ ಬಗ್ಗದಂತಾಗಿರುವುದು ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವ ನಮ್ಮೆಲ್ಲರ ದೊಡ್ಡ ಆತಂಕವಾಗಿದೆ.

ಕೀಮೋಥೆರಪಿ ವೇಗವಾಗಿ ವಿಭಜನೆಯಾಗುವ ಎಲ್ಲ ಜೀವಕೋಶಗಳ ಮೇಲೂ ಎರಗುತ್ತದೆ. ಅಸ್ಥಿಮಜ್ಜೆ ಸೊರಗಿ, ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗೆ ಕುಸಿಯುತ್ತವೆ. ಪೋಷಕರು ‘ಕೌಂಟ್ ಇಳಿದಿದೆ’ ಎನ್ನುವುದು ಇದನ್ನೇ. ಅದೇ ಹೊತ್ತಿಗೆ ಬಾಯಿ ಮತ್ತು ಕರುಳಿನ ಒಳಪೊರೆಯೂ ಹುಣ್ಣಾಗುವುದರಿಂದ, ಕರುಳಿನಲ್ಲಿ ಸುಮ್ಮನೆ ವಾಸವಾಗಿದ್ದ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳು ನೇರವಾಗಿ ರಕ್ತಕ್ಕೆ ಇಳಿಯುತ್ತವೆ. ನ್ಯೂಟ್ರೋಫಿಲ್‌ಗಳೇ ಇಲ್ಲದ ಕಾರಣ ಕೀವು ಕಟ್ಟುವುದಿಲ್ಲ, ಎದೆಯ ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು.

ಆದ್ದರಿಂದ ಇಂತಹ ಮಗುವಿಗೆ ಜ್ವರ ಬಂದರೆ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದು, ಆಸ್ಪತ್ರೆಗೆ ಬಂದ 60 ನಿಮಿಷಗಳೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡಬೇಕೆಂಬುದು ನಮ್ಮ ನಿಯಮ. ಕಲ್ಚರ್ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು ತಿಳಿಯಲು ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು; ಅದು ಯಾವ ಔಷಧಕ್ಕೆ ಮಣಿಯುತ್ತದೆಂದು ತಿಳಿಯಲು ಮತ್ತೆ ಒಂದೆರಡು ದಿನ. ಅಲ್ಲಿಯವರೆಗೆ ನಾವು ಆರಿಸುವ ಸೆಫೆಪಿಮ್ ಅಥವಾ ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಅನುಭವದ ಆಧಾರದ ಊಹೆಯಷ್ಟೇ. ರಕ್ತದಲ್ಲಿರುವ ಬ್ಯಾಕ್ಟೀರಿಯಾ ಆ ಔಷಧವನ್ನು ಸೋಲಿಸುವಂಥದ್ದಾಗಿದ್ದರೆ, ಹನಿಹನಿಯಾಗಿ ಔಷಧ ಇಳಿಯುತ್ತಿದ್ದರೂ ಮಗು ಆ ಎರಡು ದಿನ ಚಿಕಿತ್ಸೆಯಿಲ್ಲದೆ ಮಲಗಿದಂತೆಯೇ.

ಇಎಸ್‌ಬಿಎಲ್ ಎಂಬ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳು ಸೆಫೆಪಿಮ್‌ನಂತಹ ಸೆಫಲೋಸ್ಪೋರಿನ್ ಗುಂಪಿನ ಔಷಧಗಳನ್ನು ಒಡೆದು ಹಾಕತೊಡಗಿದಾಗ ನಾವು ಮೆರೋಪೆನೆಮ್ ಎಂಬ ಇನ್ನೂ ಪ್ರಬಲ ಆ್ಯಂಟಿಬಯಾಟಿಕ್‌ಗೆ ಮೊರೆಹೋದೆವು. ಈಗ ಅದನ್ನೂ ಒಡೆಯುವ ಎನ್‌ಡಿಎಂ ಮತ್ತು ಒಎಕ್ಸ್‌ಎ-48 ಮಾದರಿಯ ಕಿಣ್ವಗಳು ಭಾರತದಲ್ಲಿ ವ್ಯಾಪಕವಾಗಿವೆ. ಇವುಗಳ ಜೀನ್‌ಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳಲ್ಲಿರುವುದರಿಂದ, ಪರೀಕ್ಷೆ ಬರೆಯುವ ಕೊಠಡಿಯಲ್ಲಿ ಚೀಟಿ ದಾಟಿಸಿದಂತೆ ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅವನ್ನು ಕೊಟ್ಟುಬಿಡುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ದಶಕಗಳ ಹಿಂದೆ ಬದಿಗಿಟ್ಟಿದ್ದ ಕೋಲಿಸ್ಟಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಹೀಗಾಗಿಯೇ ಮರಳಿ ಬಂದಿತು. ಸಿಸ್‌ಪ್ಲಾಟಿನ್, ಮೆಥೋಟ್ರೆಕ್ಸೇಟ್‌ನಂತಹ ಕೀಮೋ ಔಷಧ ಪಡೆಯುತ್ತಿರುವ ಮಗುವಿನ ಮೂತ್ರಪಿಂಡಕ್ಕೆ ಇದು ಇನ್ನೊಂದು ಹೊರೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಹೊಸ ಔಷಧ ಒಎಕ್ಸ್‌ಎ-48ರ ಎದುರು ಕೆಲಸ ಮಾಡುತ್ತದೆ, ಎನ್‌ಡಿಎಂ ಎದುರು ಸೋಲುತ್ತದೆ. ಅದಕ್ಕಾಗಿ ಜೊತೆಗೆ ಅಜ್ಟ್ರಿಯೋನಾಮ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಸೇರಿಸಬೇಕಾಗುತ್ತದೆ. ಇದರ ಖರ್ಚು ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದ್ದಲ್ಲ.

ಸೋಂಕಿನಿಂದ ಪಾರಾದ ಮಗುವೂ ಇನ್ನೊಂದು ಬೆಲೆ ತೆರುತ್ತದೆ. ಕೀಮೋ ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಅದರ ಪ್ರಮಾಣವನ್ನೂ ತಗ್ಗಿಸಬೇಕಾಗುತ್ತದೆ, ಆ ಬಿಡುವಿನಲ್ಲಿ ಕ್ಯಾನ್ಸರ್ ಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಔಷಧ ನಿರೋಧಕತೆಯ ಲೆಕ್ಕ ಹಾಕುವವರು ಈ ನಷ್ಟವನ್ನು ಅಷ್ಟಾಗಿ ಗಮನಿಸುವುದಿಲ್ಲ.

ಇಂತಹ ಬ್ಯಾಕ್ಟೀರಿಯಾ ಮಗುವಿನ ಕರುಳಿಗೆ ಬರುವುದು ಬಹುಪಾಲು ಆಸ್ಪತ್ರೆಯಲ್ಲಿಯೇ: ಕಿಕ್ಕಿರಿದ ವಾರ್ಡು, ಕೈ ತೊಳೆಯುವ ಸಿಂಕು, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಧಾವಿಸುವ ನಮ್ಮದೇ ಕೈಗಳು. ಹೊಸ ಔಷಧಕ್ಕಾಗಿ ಕಾಯುವುದಕ್ಕಿಂತ ಪ್ರತಿ ಪಾಳಿಗೆ ಇನ್ನೂ ಇಬ್ಬರು ನರ್ಸ್‌ಗಳನ್ನು ಕೊಡುವುದರಿಂದ ಹೆಚ್ಚು ಮಕ್ಕಳು ಉಳಿದಾರೆಂಬುದು ನನ್ನ ದೃಢವಾದ ಅಭಿಪ್ರಾಯ. ಪುರುಸೊತ್ತೇ ಇಲ್ಲದ ನರ್ಸ್ ಪ್ರತಿ ಸಲ ಕೈ ಶುಚಿ ಮಾಡಿಕೊಂಡು, ಕೀಮೋ ಲೈನಿನ (ರಕ್ತನಾಳಕ್ಕೆ ಔಷಧ ಹಾಯಿಸುವ ಕೊಳವೆಯ) ತುದಿಯನ್ನು ಸ್ಪಿರಿಟ್‌ನಿಂದ ಉಜ್ಜಿ ಒರೆಸುವುದು ಹೇಗೆ? ಮಲದ ಮಾದರಿಯಿಂದ ನಿರೋಧಕ ಬ್ಯಾಕ್ಟೀರಿಯಾ ಇರುವುದು ಮೊದಲೇ ತಿಳಿದಿದ್ದರೆ, ಜ್ವರ ಬಂದ ದಿನದ ಊಹೆಯೂ ಹೆಚ್ಚು ಖಚಿತವಾಗುತ್ತದೆ. ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಜ್ವರ ಇಳಿದು ಮಗು ಲವಲವಿಕೆಯಿಂದಿದ್ದಾಗ ಮೆರೋಪೆನೆಮ್ ನಿಲ್ಲಿಸುವ ಧೈರ್ಯವೂ ವೈದ್ಯರಾದ ನಮಗೆ ಬೇಕು.

ಪೋಷಕರಿಗೆ ನಾವು ಹೇಳುವುದಿಷ್ಟು. ಮಗುವಿನ ಮೈ ಬಿಸಿಯೆನಿಸಿದರೆ ಪ್ಯಾರಾಸಿಟಮಾಲ್ ಕೊಡುವ ಮುನ್ನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಗುದದ್ವಾರದಲ್ಲಿ ಮಾತ್ರ ಬೇಡ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ರಾತ್ರಿಯೆನ್ನದೆ ಹೊರಡಿ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1 ಎಂಬ ಔಷಧ ಮಾರಾಟದ ನಿಯಮದಡಿ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಆದರೂ ಅವು ಸಿಗುತ್ತಿವೆ. ಅಂತಹ ಒಂದೆರಡು ಮಾತ್ರೆ ಕಲ್ಚರ್‌ನ ಫಲಿತಾಂಶವನ್ನೇ ಮರೆಮಾಚಬಹುದು.

ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡುವ ಕುಟುಂಬಕ್ಕೆ 60 ನಿಮಿಷದ ನಿಯಮ ಇಲ್ಲಿಗೆ ಬಂದ ಮೇಲೆ ಆರಂಭವಾದರೆ ಪ್ರಯೋಜನವಿಲ್ಲ. ಹಾಗಾಗಿ ದೂರದ ಊರಿನ ಪ್ರತಿ ಮಗುವಿನ ಫೈಲಿನಲ್ಲಿ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ವೈದ್ಯರಿಗೆಂದು ಒಂದು ಪತ್ರವಿರಬೇಕು. ಅದರಲ್ಲಿ ಮಗುವಿನ ಕಾಯಿಲೆ, ಕೊನೆಯ ಕೀಮೋ ದಿನಾಂಕ, ತೂಕ, ಹಿಂದಿನ ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ, ಕೊಡಬೇಕಾದ ಮೊದಲ ಔಷಧದ ಹೆಸರು, ಪ್ರಮಾಣ ಹಾಗೂ ನಮ್ಮ ದೂರವಾಣಿ ಸಂಖ್ಯೆ ಇರಬೇಕು. ಕಲ್ಚರ್ ಬಾಟಲಿ ಅಲ್ಲಿದ್ದರೆ ರಕ್ತ ತೆಗೆಯಲಿ. ಇಲ್ಲದಿದ್ದರೆ ಅದಕ್ಕಾಗಿ ಕಾಯದೆ ಮೊದಲ ಡೋಸ್ ಕೊಟ್ಟು ಮಗುವನ್ನು ಕಳುಹಿಸಲಿ.